ೞಕಾರದ ಶಬ್ದಗಳು

ಒಂದು ಅಕ್ಷರವುಳ್ಳ ಶಬ್ದಗಳನ್ನೆಲ್ಲ ಹುಡುಕಿ ಕೂಡಿಸುವುದು ಬರಿಯ ವಿನೋದವೆಂದು ತೋರಬಹುದು. ಕ್ರಿ. ಶ. 1260ರ ಸುಮಾರಿಗೆ ಕೇಶಿರಾಜನಿಗಾದರೋ ಅದು ಅವಶ್ಯಕಾರ್ಯವಾಗಿದ್ದಿತು. ಅಷ್ಟರೊಳಗೆ ಆಡುನುಡಿಯಲ್ಲಿ ೞಕಾರವು ಜಾರಿ ಳಕಾರದೊಡನೆ ಬೆರೆತುಹೋಗಿದ್ದಿತು. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ಕಿವಿಗೆ ಎರಡೂ ಒಂದೇ. ಆದರೆ ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸುವ ಕವಿಯು ಇವೆರಡನ್ನು ಬೆರೆಸಲಾಗದು. ಕಿವಿಯು ಕೈಬಿಟ್ಟಲ್ಲಿ ಪಟ್ಟಿಯೇ ಗತಿ. ಆದುದರಿಂದ ಅವನು ಪೂರ್ವಕವಿಪ್ರಯೋಗವನ್ನು ಪ್ರಮಾಣವಾಗಿಟ್ಟುಕೊಂಡು ೞಕಾರವುಳ್ಳ ಶಬ್ದಗಳನ್ನು ‘ಶಬ್ದಮಣಿದರ್ಪಣ’ದಲ್ಲಿ ಎಣಿಸಿಟ್ಟನು. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನಿಗೆ ಆಯ್ದು ಕೂಡಿಸುವ ಕೆಲಸವು ಮನೆತನದ್ದೇ ಸರಿ!

1853ರಲ್ಲಿ ಭರತಖಂಡಕ್ಕೆ ಬಂದು, ಧಾರವಾಡ ಹುಬ್ಬಳ್ಳಿಗಳ ಬಾಸೆಲ್ ಮಿಶನ್ನಿನಲ್ಲಿದ್ದ ಕಿಟ್ಟೆಲ್ ಸಾಹೇಬರು 1872ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1894ರ ತಮ್ಮ ನಿಘಂಟಿನಲ್ಲಿಯೂ ೞಕಾರದ ಗುರುತನ್ನು ಅಳಿಯಗೊಡಲಿಲ್ಲ. ಅಲ್ಲಿ ಅವರು ತಮಿಳು, ಮಲೆಯಾಳಗಳ ಜ್ಞಾತಿಶಬ್ದಗಳನ್ನೂ ಜೊತೆಗಿಟ್ಟಿರುವರು. ಮೞೆ, ಕೋೞಿಗಳ ಹಳೆಯ ಉಚ್ಚಾರವು ಆ ಭಾಷೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಕನ್ನಡಿಗರಿಗೆ ಮಳೆ, ಕೋಳಿಗಳು ಮಾತ್ರ ಉಳಿದವು. ಎೞ್ದು, ಬಿೞ್ದುಗಳಲ್ಲಿಯಂತೂ ೞಕಾರವು ಮೊದಲು ರೇಫೆಯಾಗಿ, ಬಳಿಕ ದಕಾರದಲ್ಲಿ ಅಡಗಿ, ಇಂದಿನ ‘ಎದ್ದು’, ‘ಬಿದ್ದು’ಗಳಾಗಿವೆ.