ಟೆಸ್ಟ್ ಎಂಬ ಮಡಕೆ: ಬ್ರಹ್ಮಗಿರಿಯ ಕಾಲಗಣನೆಯ ಹಿನ್ನೆಲೆಯಲ್ಲಿ ಒಂದು ಪದವಿಚಾರ

ಇಂಗ್ಲಿಷಿನ ‘ಟೆಸ್ಟ್’ ಪದವನ್ನು ಲ್ಯಾಟಿನ್ನಿನ ‘ಟೆಸ್ಟಿಸ್’, ಅಂದರೆ ಸಾಕ್ಷಿ, ಎಂಬುದರಿಂದ ಹುಟ್ಟಿಸುವ ರೂಢಿ ಇನ್ನೂ ಹೋಗಿಲ್ಲ. ಅಟೆಸ್ಟ್, ಪ್ರೊಟೆಸ್ಟ್, ಕಂಟೆಸ್ಟ್, ಟೆಸ್ಟಮೆಂಟ್ ಇವೆಲ್ಲ ಆ ಮೂಲದವೇ ಆದ್ದರಿಂದ ಟೆಸ್ಟ್ ಕೂಡ ಅವುಗಳ ದಾಯಾದಿ ಎಂದು ಊಹಿಸುವುದು ಸುಲಭ. ಆದರೆ ಅದು ತಪ್ಪು. ಈ ತಪ್ಪು ನಿಘಂಟಿನ ಪುಟದಲ್ಲೇ ಉಳಿದಿದ್ದರೆ ನಾನು ಈ ಲೇಖನಕ್ಕೆ ಕೈಹಾಕುತ್ತಿರಲಿಲ್ಲ. ಮೊಳಕಾಲ್ಮೂರು ಸೀಮೆಯ ಪ್ರಾಚೀನ ಇತಿಹಾಸವನ್ನು ಬರೆದವರು ಒಂದು ಮಡಕೆಯನ್ನು ಸಾಕ್ಷಿಯೆಂದು ಭಾವಿಸಿ, ಇಡೀ ದಕ್ಷಿಣ ಭಾರತದ ಕಬ್ಬಿಣಯುಗವನ್ನು ಎಂಟುನೂರು ವರ್ಷಗಳಷ್ಟು ಈಚೆಗೆ ಎಳೆದರು. ಪದದ ಚರಿತ್ರೆಯನ್ನೂ ನೆಲದ ಚರಿತ್ರೆಯನ್ನೂ ಒಟ್ಟಿಗಿಟ್ಟು ನೋಡಬೇಕೆನ್ನುವುದಕ್ಕೆ ಇದೇ ಕಾರಣ.

ಮೊದಲು ಪದ. ಲ್ಯಾಟಿನ್ನಿನಲ್ಲಿ ‘ಟೆಸ್ಟಾ’ ಎಂದರೆ ಸುಟ್ಟ ಮಣ್ಣು, ಹೆಂಚು, ಬೋಕಿ. ‘ಟೆಸ್ಟುಮ್’ ಎಂದರೆ ಮಣ್ಣಿನ ಪಾತ್ರೆ. ಇದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಚಿನ್ನ ಬೆಳ್ಳಿ ಶುದ್ಧಿಮಾಡುವ ಚಿಕ್ಕ ಬಟ್ಟಲಿಗೆ ಹೆಸರಾಗಿತ್ತು. ಕೀಳು ಲೋಹ ಬೆರೆತ ಬೆಳ್ಳಿಗೆ ಸೀಸ ಕೂಡಿಸಿ, ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು, ಗಾಳಿಯಾಡುವ ಉರಿಯಲ್ಲಿ ಕಾಯಿಸುತ್ತಾರೆ. ಸೀಸ ಗಾಳಿಯೊಡನೆ ಸೇರಿ ದ್ರವವಾಗಿ, ತಾಮ್ರ ಮುಂತಾದ ಕಲಬೆರಕೆಯನ್ನು ತನ್ನೊಡನೆ ಕರೆದುಕೊಂಡು ಬಟ್ಟಲಿನ ಮೈಯೊಳಗೆ ಇಂಗುತ್ತದೆ. ಮೇಲೆ ಒಂದು ಗುಂಡು ಬೆಳ್ಳಿ ಉಳಿಯುತ್ತದೆ. ಚಾಸರ್ 14ನೆಯ ಶತಮಾನದ ಕೊನೆಯಲ್ಲಿ ರಸವಾದಿಯೊಬ್ಬನ ಸಹಾಯಕನ ಬಾಯಲ್ಲಿ ಹೇಳಿಸುವ ಸಾಮಾನುಗಳ ಪಟ್ಟಿಯಲ್ಲಿ ಈ ಪದ ಬರುತ್ತದೆ. ಅಲ್ಲಿ ಅದರ ಅರ್ಥ ಪಾತ್ರೆ, ಬೇರೇನಲ್ಲ. ಪರಿಶೀಲನೆ ಎಂಬ ಅರ್ಥ ಕಾಣಿಸುವುದು 1590ರ ದಶಕದಲ್ಲಿ. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ದೊಡ್ಡ ಅಧಿಕಾರ ಒಪ್ಪಿಸಿಕೊಳ್ಳುವ ಮೊದಲು ಆಂಜೆಲೊ ತನ್ನ ಲೋಹವನ್ನು ಇನ್ನಷ್ಟು ಪರೀಕ್ಷಿಸಬೇಕೆಂದು ಕೇಳುವಾಗ ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ಮಾತಿನಲ್ಲಿವೆ. ಸಾಕ್ಷಿಯಿಂದ ಪದ ಹುಟ್ಟಿದ್ದರೆ ಸಾಕ್ಷಿಯ ಅರ್ಥ ಮೊದಲು ಬಂದು ಕುಲುಮೆಯ ಅರ್ಥ ಆಮೇಲೆ ಬರಬೇಕಿತ್ತು. ದಾಖಲೆ ಇದಕ್ಕೆ ನೇರ ವಿರುದ್ಧವಾಗಿದೆ.

ಎದುರು ಪಕ್ಷಕ್ಕೆ ಒಂದು ಆಧಾರ ಮಾತ್ರ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ಕಾಟ್‌ಲೆಂಡಿನ ಕಾನೂನುಪತ್ರಗಳ ಕೊನೆಯಲ್ಲಿ ಸಾಕ್ಷಿಗಳ ರುಜು ದಾಖಲಿಸುವ ಭಾಗವನ್ನು ‘ಟೆಸ್ಟಿಂಗ್ ಕ್ಲಾಜ್’ ಎನ್ನುತ್ತಾರೆ. ಅದು ನಿಜಕ್ಕೂ ಸಾಕ್ಷಿಯ ಟೆಸ್ಟ್. ಆದರೆ ಅದು ಬೇರೆ ಪದ. ಸದ್ದು ಒಂದೇ, ಬುಡ ಬೇರೆ.

1673ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಟೆಸ್ಟ್ ಆ್ಯಕ್ಟ್ ತಂದಾಗ ಪಾತ್ರೆ ಪೂರಾ ಮರೆಯಾಯಿತು. ಸರ್ಕಾರಿ ಹುದ್ದೆ ಬೇಕಾದವನು ಆಂಗ್ಲಿಕನ್ ಚರ್ಚಿನ ಪ್ರಸಾದ ಸ್ವೀಕರಿಸಿ, ಕ್ಯಾಥೊಲಿಕರ ಒಂದು ಮುಖ್ಯ ನಂಬಿಕೆಯನ್ನು ನಿರಾಕರಿಸಿ ಘೋಷಣೆ ಮಾಡಬೇಕಿತ್ತು. 1828ರವರೆಗೆ ಈ ಕಾನೂನು ಇತ್ತು. ಇಲ್ಲಿ ಟೆಸ್ಟ್ ಎಂದರೆ ಮನುಷ್ಯನನ್ನು ಒಳಕ್ಕೆ ಬಿಡುವ ಅಥವಾ ಹೊರಗಿಡುವ ತೀರ್ಪು. ಕ್ರಿಕೆಟ್ಟಿನ ಟೆಸ್ಟ್ ಮ್ಯಾಚ್ ಎಂಬ ಮಾತು ಇಂಗ್ಲಿಷ್ ತಂಡದ 1861–62ರ ಆಸ್ಟ್ರೇಲಿಯಾ ಪ್ರವಾಸದಿಂದ ಬಂದದ್ದು. 1890ರಲ್ಲಿ ಮನಶ್ಶಾಸ್ತ್ರಜ್ಞ ಕ್ಯಾಟೆಲ್ ಮನಸ್ಸಿನ ಟೆಸ್ಟ್ ಎಂದು ಬರೆದರು. 1905ರಲ್ಲಿ ಬಿನೆ ಮತ್ತು ಸಿಮೊನ್ ಮಕ್ಕಳ ಬುದ್ಧಿಯಳೆಯುವ ಕ್ರಮವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದರು.

ಈ ಕೊನೆಯ ಸಾಲಿನಲ್ಲಿ ನಮ್ಮವರೊಬ್ಬರಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಧಾರವಾಡದ ವಿ. ವಿ. ಕಾಮತರು ಬಿನೆ ಟೆಸ್ಟನ್ನು ಹಾಗೆಯೇ ಭಾಷಾಂತರಿಸಿ ಮಕ್ಕಳ ಮುಂದಿಡಲಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರತಿಯೊಂದು ಪ್ರಶ್ನೆಯನ್ನೂ ಪ್ರಯೋಗಿಸಿ, ಯಾವ ವಯಸ್ಸಿಗೆ ಯಾವುದು ಹೊಂದುತ್ತದೆಂದು ಹೊಸದಾಗಿ ಕಟ್ಟಿದರು. 1934ರ ಬಾಂಬೆ-ಕರ್ನಾಟಕ ಪರಿಷ್ಕರಣೆ, 1940ರ ಪುಸ್ತಕ ಇದರ ಫಲ. ಮಗುವನ್ನು ಅಳೆಯುವ ಮೊದಲು ಅಳತೆಯನ್ನೇ ಅಳೆದು ನೋಡಿದ್ದು ಅವರ ಸಾಧನೆ. ಅವರ ತರುವಾಯ ಬಂದವರು ದಶಕಗಳ ಕಾಲ ಅದೇ ಮಾನದಂಡವನ್ನು ಬಳಸುತ್ತ ಹೋದದ್ದು ಬೇರೆ ಕಥೆ. ಅದಕ್ಕೆ ಕಾಮತರು ಹೊಣೆಯಲ್ಲ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿಯೂ ಇದೇ ಎಚ್ಚರವಿದೆ. ಸೀಸ ಬೆರೆಸಿ ಚಿನ್ನ ಶುದ್ಧಿಮಾಡುವ ಕ್ರಮವನ್ನು ಹೇಳುವ ಕೌಟಿಲ್ಯ ಒರೆಗಲ್ಲಿನ ವಿಷಯದಲ್ಲಿ ಇನ್ನೂ ಬಿಗಿ. ಕಳಿಂಗದ ಕಲ್ಲು, ತಾಪಿ ನದಿಯ ಕಲ್ಲು, ಹೆಸರುಕಾಳಿನ ಬಣ್ಣದ್ದು ಉತ್ತಮ ಎಂದು ಕಲ್ಲನ್ನೇ ಆಯುತ್ತಾನೆ. ಒರೆಯ ಗೆರೆಯ ಬಣ್ಣ ಬದಲಿಸಲು ಮೋಸಗಾರರು ಬಳಸುವ ವಸ್ತುಗಳನ್ನೂ ಹೇಳುತ್ತಾನೆ. ಗ್ರಂಥದ ಕಾಲ ವಿವಾದದಲ್ಲಿದೆ, ಅದು ಮೌರ್ಯರ ಕಾಲದ್ದೇ ಎಂದು ನಾನಿಲ್ಲಿ ವಾದಿಸುತ್ತಿಲ್ಲ. ಒರೆ ಹಚ್ಚುವ ಕಲ್ಲಿಗೂ ಒರೆ ಬೇಕು ಎಂಬ ಅರಿವು ಈ ನೆಲದಲ್ಲಿ ಹಳೆಯದು ಎಂಬಷ್ಟಕ್ಕೆ ಅದು ಸಾಕು.

ಈಗ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ. ಬಿ. ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬೆಳಕಿಗೆ ತಂದದ್ದು, ಅವುಗಳಲ್ಲಿ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಸುವರ್ಣಗಿರಿಯಿಂದ ಆಜ್ಞೆ ಬಂದದ್ದು ದೇವಸಮುದ್ರದ ಕಡೆಯ ಶಾಲಾಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಊರಿನ ನೆಲವನ್ನು ಮೊದಲು ಅಗೆದು ನೋಡಿದವರು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ. 1940ರ ದಶಕದ ಆರಂಭದ ಅವರ ಅಗೆತದಲ್ಲಿ ಐದು ಸಂಸ್ಕೃತಿಗಳು ಒಂದರ ಮೇಲೊಂದು ಕಂಡವು: ಸೂಕ್ಷ್ಮ ಶಿಲಾಯುಗ, ನವಶಿಲಾಯುಗ, ಕಬ್ಬಿಣಯುಗ, ಮೌರ್ಯ, ಚಾಲುಕ್ಯ-ಹೊಯ್ಸಳ. ಈ ಕ್ರಮದಲ್ಲಿ ಕಬ್ಬಿಣಯುಗ ಮೌರ್ಯರಿಗಿಂತ ಕೆಳಗಿದೆ, ಅಂದರೆ ಹಿಂದಿನದು. ಓದುಗರು ಈ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಇಲ್ಲಿಗೂ ಚಿತ್ರದುರ್ಗದ ಚಂದ್ರವಳ್ಳಿಗೂ ಬಂದು ಅಗೆದರು. ‘ಏನ್ಶಿಯೆಂಟ್ ಇಂಡಿಯಾ’ದ ನಾಲ್ಕನೆಯ ಸಂಚಿಕೆಯಲ್ಲಿ ಅವರ ವರದಿ ಬಂತು. ಕಾಲಗಣನೆ ಹೀಗೆ: ಕಲ್ಲುಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಕ್ರಿ.ಪೂ. 2ನೆಯ ಶತಮಾನದ ಮೊದಲ ಭಾಗದವರೆಗೆ. ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿಗಳ ಜನ ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. 1ನೆಯ ಶತಮಾನದ ನಡುವಿನವರೆಗೆ. ಆಮೇಲೆ ಆಂಧ್ರ, ಅಂದರೆ ಶಾತವಾಹನ ಸಂಸ್ಕೃತಿ. ಕೃಷ್ಣರ ಕ್ರಮ ತಲೆಕೆಳಗಾಯಿತು. ಕಬ್ಬಿಣ ಅಶೋಕನಿಗಿಂತ ಈಚಿನದಾಯಿತು. ಕೃಷ್ಣರು 1947ರಲ್ಲೇ ತೀರಿಕೊಂಡದ್ದರಿಂದ ಉತ್ತರ ಹೇಳುವವರು ಉಳಿಯಲಿಲ್ಲ.

ಈ ಲೆಕ್ಕವೆಲ್ಲ ನಿಂತದ್ದು ಒಂದು ಬಗೆಯ ಬೋಕಿಯ ಮೇಲೆ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ವ್ಹೀಲರರಿಗೆ ಇಟಲಿಯ ಅರೆಟೈನ್ ಮಡಕೆಗಳ ಚೂರುಗಳು ಸಿಕ್ಕಿದ್ದವು. ಅವುಗಳ ತಯಾರಿಕೆ ಕ್ರಿ.ಶ. 1ನೆಯ ಶತಮಾನದ ನಡುವಿಗೆ ನಿಂತುಹೋದದ್ದು ಯುರೋಪಿನಲ್ಲಿ ಖಚಿತವಾಗಿತ್ತು. ಅದೇ ಜಾಗದಲ್ಲಿ ನುಣುಪಾದ ಮೈಯ, ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿ ಸಾಲುಸಾಲು ಗುರುತು ಹಾಕಿದ ತಟ್ಟೆಗಳೂ ಇದ್ದವು. ರೂಲೆಟೆಡ್ ಎಂದು ಕರೆಯುವ ಈ ತಟ್ಟೆಗಳನ್ನು ಅವರು ಮೆಡಿಟರೇನಿಯನ್ ಕಡೆಯಿಂದ ಬಂದವೆಂದು, ಅರೆಟೈನ್ ಜೊತೆಯಲ್ಲೇ ಬಂದವೆಂದು ನಂಬಿದರು. ಅರೆಟೈನಿನ ತಾರೀಖು ರೂಲೆಟೆಡ್ ತಟ್ಟೆಗೆ ಅಂಟಿತು. ಬ್ರಹ್ಮಗಿರಿಯ ಆಂಧ್ರ ಸ್ತರದಲ್ಲಿ ಅದರ ಕೆಲವು ಚೂರುಗಳು ಸಿಕ್ಕಾಗ ಆ ತಾರೀಖು ಮೊಳಕಾಲ್ಮೂರಿಗೂ ಬಂತು. ಚಂದ್ರವಳ್ಳಿಯಲ್ಲಿ ಸಿಕ್ಕ ಟಿಬೇರಿಯಸನ ದಿನಾರಿಯಸ್ ನಾಣ್ಯ ಅದಕ್ಕೆ ಬೆಂಬಲವಾಯಿತು. ಅಲ್ಲಿಂದ ಕೆಳಕ್ಕೆ, ಸಮಾಧಿ ಸಂಸ್ಕೃತಿಯ ಸ್ತರದ ದಪ್ಪವನ್ನು ನೋಡಿ, ಇಷ್ಟು ಮಣ್ಣು ಕೂಡಲು ಇಷ್ಟು ವರ್ಷ ಎಂದು ಅಂದಾಜು ಮಾಡಿ ಕ್ರಿ.ಪೂ. 200 ಎಂಬಲ್ಲಿಗೆ ತಲುಪಿದರು.

ಇಲ್ಲಿ ಎರಡು ಬೇರೆಬೇರೆ ಕೆಲಸಗಳು ಒಂದರೊಳಗೊಂದು ಬೆರೆತಿವೆ. ಆಂಧ್ರ ಸ್ತರಕ್ಕಾದರೂ ಒಂದು ಹೊರಗಿನ ಅಳತೆ ಇತ್ತು. ಸಮಾಧಿಗಳ ಕಾಲಕ್ಕೆ ಯಾವ ಅಳತೆಯೂ ಇರಲಿಲ್ಲ. ಇದ್ದದ್ದು ಮಣ್ಣಿನ ದಪ್ಪ ಮಾತ್ರ. ಮಣ್ಣು ವರ್ಷಕ್ಕಿಷ್ಟೆಂದು ಕೂಡುವುದಿಲ್ಲ. ಜನ ಬಿಟ್ಟುಹೋದ ಊರಲ್ಲಿ ನೂರಾರು ವರ್ಷ ಏನೂ ಕೂಡದಿರಬಹುದು, ಬೆಟ್ಟದ ಬುಡದಲ್ಲಿ ಒಂದೇ ಜಡಿಮಳೆಗೆ ಮೊಣಕಾಲೆತ್ತರ ಬಂದು ಬೀಳಬಹುದು. ವ್ಹೀಲರ್ ಇದನ್ನು ಅರಿಯದವರಲ್ಲ; ಅವರ ತಾರೀಖುಗಳಲ್ಲಿ ಅಂದಾಜಿನ ಮಾತು ಇದ್ದೇ ಇದೆ. ಅವರನ್ನು ಹಿಂಬಾಲಿಸಿದವರು ಆ ಅಂದಾಜನ್ನು ಉದುರಿಸಿ ಅಂಕಿಯನ್ನು ಮಾತ್ರ ಇಟ್ಟುಕೊಂಡರು. ನನ್ನ ತಕರಾರು ಹೆಚ್ಚಾಗಿ ಇವರೊಂದಿಗೆ.

ವ್ಹೀಲರರೊಂದಿಗಿನ ತಕರಾರು ಬೇರೆಯದು. ಅದೇ ಬೆಟ್ಟದ ಬಂಡೆಯ ಮೇಲೆ ಕ್ರಿ.ಪೂ. 3ನೆಯ ಶತಮಾನದ ಬರಹವಿತ್ತು. ಅವರ ಲೆಕ್ಕವನ್ನು ಒಪ್ಪಿದರೆ ಅಶೋಕನ ಆಜ್ಞೆ ಬಂದಾಗ ಇಸಿಲದಲ್ಲಿ ಇದ್ದವರು ಕಲ್ಲುಕೊಡಲಿಯ ಜನ. ಮಹಾಮಾತ್ರರೆಂಬ ಅಧಿಕಾರಿಗಳು, ಅವರ ಕ್ಷೇಮ ವಿಚಾರಿಸುವ ರಾಜಕುಮಾರ, ಕೊನೆಗೆ ತನ್ನ ವೃತ್ತಿಯನ್ನು ಖರೋಷ್ಠಿ ಲಿಪಿಯಲ್ಲಿ ಬರೆದ ಲಿಪಿಕಾರ ಚಪಡ, ಇವರೆಲ್ಲ ಕಬ್ಬಿಣ ಕಾಣದ ಊರಿಗೆ ಬಂದರೆಂದಾಗುತ್ತದೆ. ಮೂರು ಬಂಡೆಗಳ ಮೇಲೆ ಶಾಸನ ಕೊರೆದ ಉಳಿ ಯಾವುದು? ಅದನ್ನು ಉತ್ತರದಿಂದ ತಂದರೆನ್ನಬಹುದು, ಅಸಾಧ್ಯವಲ್ಲ. ಆದರೆ ಸ್ಥಳದಲ್ಲೇ ಇರುವ ಲಿಖಿತ ಆಧಾರ ಸಮುದ್ರದಾಚೆಯ ಮಡಕೆಗೆ ಹೊಂದಿಕೊಳ್ಳಬೇಕೆಂದು ಬಯಸುವ ಬದಲು, ಮಡಕೆ ಶಾಸನಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕಿತ್ತು. ಕೃಷ್ಣರ ಕ್ರಮದಲ್ಲಿ ಈ ತೊಡಕೇ ಇಲ್ಲ. ವ್ಹೀಲರರ ಸ್ತರಚಿತ್ರಗಳು ಕೃಷ್ಣರದಕ್ಕಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪುತ್ತೇನೆ. ಚಿತ್ರದ ಅಚ್ಚುಕಟ್ಟು ತಾರೀಖಿನ ಸತ್ಯವಾಗುವುದಿಲ್ಲ.

ಕಾಲ ನಿರ್ಣಯಿಸುವ ಕಾರ್ಬನ್-14 ವಿಧಾನವನ್ನು ಲಿಬ್ಬಿ ಪ್ರಕಟಿಸಿದ್ದು 1949ರಲ್ಲಿ, ವರದಿಯ ಮರುವರ್ಷ. ಆಲ್ಚಿನ್ ಅಗೆದ ಉಟ್ನೂರಿನಿಂದ ನವಶಿಲಾಯುಗಕ್ಕೆ ಕ್ರಿ.ಪೂ. 2000ಕ್ಕೂ ಹಿಂದಿನ ಕಾಲ ದೊರೆಯಿತು. 1965ರಲ್ಲಿ ಎಂ. ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರನ್ನು ಅಗೆದಾಗ ಕಬ್ಬಿಣ ಬರುವ ಸ್ತರದ ಇದ್ದಿಲು ಕ್ರಿ.ಪೂ. 1000ದ ಆಸುಪಾಸನ್ನು ತೋರಿಸಿತು. ಅಶೋಕನಿಗಿಂತ ಏಳೆಂಟು ಶತಮಾನ ಹಿಂದೆ. ಕೃಷ್ಣರ ಕ್ರಮ ಸರಿಯಾಗಿತ್ತು.

ರೂಲೆಟೆಡ್ ತಟ್ಟೆಯ ತಾರೀಖೂ ಹಾಗೇ ಬಿದ್ದುಹೋಯಿತು. 1983ರಲ್ಲಿ ವಿಮಲಾ ಬೆಗ್ಲಿ ಅರಿಕಮೇಡುವಿನ ಸ್ತರಗಳನ್ನು ಮತ್ತೆ ಓದಿ ರೂಲೆಟೆಡ್ ಮಡಕೆ ಅರೆಟೈನಿಗಿಂತ ಮೊದಲೇ, ಕ್ರಿ.ಪೂ. ಶತಮಾನಗಳಲ್ಲೇ ಇತ್ತೆಂದು ತೋರಿಸಿದರು. 1997ರಲ್ಲಿ ವಿ. ಡಿ. ಗೋಗ್ಟೆ ಎಕ್ಸ್-ರೇ ವಿಶ್ಲೇಷಣೆಯಿಂದ ಅದರ ಜೇಡಿ ಬಂಗಾಳದ ಚಂದ್ರಕೇತುಗಢ-ತಾಮ್ಲುಕ್ ಸೀಮೆಯದು ಎಂದರು. ಎಲ್ಲ ಚೂರುಗಳಿಗೂ ಅದೊಂದೇ ಮೂಲವೇ ಎಂಬ ಚರ್ಚೆ ನಡೆದಿದೆ. ಇಟಲಿಯ ಮಾತು ಮಾತ್ರ ಮುಗಿದಿದೆ. ರೋಮಿನಿಂದ ತಾರೀಖು ಹೊತ್ತು ಬಂದಿದೆ ಎಂದು ನಂಬಿದ ತಟ್ಟೆ ಭಾರತದ್ದೇ. ಟೆಸ್ಟ್ ಎಂದರೆ ಸಾಕ್ಷಿ ಎಂದು ತಿಳಿದವರಿಗೆ ಇದು ಸುಳ್ಳು ಸಾಕ್ಷಿಯಂತೆ ಕಾಣಬಹುದು. ಬೋಕಿ ಸುಳ್ಳು ಹೇಳಲಿಲ್ಲ, ಏನನ್ನೂ ಹೇಳಲಿಲ್ಲ. ಅದು ಪಾತ್ರೆ, ಯಾವ ಮಣ್ಣಿನದು, ಯಾವ ಕಾಲದ್ದು ಎಂದು ಮೊದಲು ನೋಡದೆ ಅದರಲ್ಲಿ ಲೋಹ ಕಾಯಿಸಿದ್ದು ತಪ್ಪು. ಅಕ್ಕಸಾಲಿ ಈ ತಪ್ಪು ಮಾಡುವುದಿಲ್ಲ.

ಇಂದು ಈ ಸೀಮೆಯಲ್ಲಿ ಪದಕ್ಕೆ ಇನ್ನೊಂದು ಅರ್ಥ ಸೇರಿದೆ. ಚಳ್ಳಕೆರೆಯ ವರವು ಕಾವಲಿನ ಅಮೃತಮಹಲ್ ಹುಲ್ಲುಗಾವಲಲ್ಲಿ ಡಿಆರ್‌ಡಿಓದ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ 28ರಂದು ಉದ್ಘಾಟನೆಯಾಯಿತು. ರುಸ್ತುಂ-2 ಚಾಲಕರಹಿತ ವಿಮಾನ 2016ರ ನವೆಂಬರಿನಲ್ಲಿ ಇಲ್ಲಿಂದಲೇ ಮೊದಲು ಹಾರಿತ್ತು. ಇಸ್ರೋದ ಮರುಬಳಕೆಯ ವಾಹನ 2023ರ ಏಪ್ರಿಲ್ 2ರಂದು ಇಲ್ಲಿ ತಾನಾಗಿ ಇಳಿಯಿತು. ಬಟ್ಟಲಾಗಿ ಆರಂಭವಾದ ಪದ ಸಾವಿರಾರು ಎಕರೆ ನೆಲದ ಹೆಸರಾಗಿದೆ. ಆ ನೆಲದಲ್ಲಿ ದನ ಕುರಿ ಮೇಯಿಸುತ್ತಿದ್ದವರ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಪದದ ಈ ಹೊಸ ಅರ್ಥದ ಭಾಗವೇ. ನಿಘಂಟುಕಾರರು ಅದನ್ನು ಬಿಡಬಾರದು.

ಬ್ರಹ್ಮಗಿರಿಯ ಸ್ತರಕ್ರಮವನ್ನು ಕ್ಯಾಥ್ಲೀನ್ ಮಾರಿಸನ್ ಈ ಶತಮಾನದಲ್ಲಿ ಮತ್ತೆ ವಿಶ್ಲೇಷಿಸಿದ್ದಾರೆ, ಅದು ಆಗಬೇಕಾದ ಕೆಲಸವೇ. ಆದರೆ ಮರುವಿಶ್ಲೇಷಣೆಗಳೆಲ್ಲ 1947ರಿಂದ ಆರಂಭವಾಗುವ ಅಭ್ಯಾಸ ಬಿಡಬೇಕು. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಕೃಷ್ಣರು ಬರೆದ ಬ್ರಹ್ಮಗಿರಿಯ ಪುಟಗಳನ್ನು ಕನ್ನಡಕ್ಕೆ ತಂದು, ಅವರ ಐದು ಸ್ತರಗಳನ್ನು ವ್ಹೀಲರರ ಮೂರರ ಪಕ್ಕದಲ್ಲಿ, ಹಳ್ಳೂರು ಮತ್ತು ಉಟ್ನೂರುಗಳ ಕಾರ್ಬನ್ ತಾರೀಖುಗಳ ಜೊತೆಗೆ ಒಂದೇ ಪಟ್ಟಿಯಲ್ಲಿ ಅಚ್ಚುಹಾಕಬೇಕು. ಸಿದ್ದಾಪುರಕ್ಕೆ ಶಾಸನ ನೋಡಲು ಬರುವ ವಿದ್ಯಾರ್ಥಿಯ ಕೈಗೆ ಮೊದಲು ಸಿಗಬೇಕಾದದ್ದು ಆ ಪಟ್ಟಿ.