ಕೆಜಿಎಫ್‌ನ ಹಿರಿಯರು ಕೆರಿಯರ್ ಪ್ಲಾನ್ ಮಾಡಿರಲಿಲ್ಲವೇ?



"ಕಾಲ ಬದಲಾಗ್ತಿದೆ, ನಿಮ್ಮ ಕೆರಿಯರ್‌ಗೆ ನೀವೇ ಹೊಣೆ, ಸ್ಕಿಲ್ ಅಪ್‌ಡೇಟ್ ಮಾಡ್ಕೊಳ್ಳಿ." ಟ್ರೈನಿಂಗ್ ಕೊಡೋರು ನಮ್ಮ ಹುಡುಗರಿಗೆ ಇದನ್ನ ಹೊಸ ಮಂತ್ರದ ಹಾಗೆ ಹೇಳ್ತಾರೆ. ನಾನು ಅವರಿಗೆ ಕೋಲಾರದ ಚಿನ್ನದ ಗಣಿಯ ಚರಿತ್ರೆ ಓದಿ ಅಂತೀನಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆಮೇಲೆ ಉತ್ತರ ಆರ್ಕಾಟ್ ಕಡೆಯಿಂದ ದಲಿತರು ಸಾವಿರಗಟ್ಟಲೆ ಬಂದು ಗಣಿಗಿಳಿದರು. ಬರಗಾಲ ಓಡಿಸಿತು ಅಂತಷ್ಟೇ ಬರೆದರೆ ಅದು ಅರ್ಧ ಸತ್ಯ. ಊರಲ್ಲಿದ್ದಿದ್ದು ಒಡೆಯನ ಹೊಲದ ಜೀತ. ಇಲ್ಲಿ ಕೈಗೆ ಕಾಸು. ಬಂಡೆ ಸಿಡಿದು ಸಾಯಬಹುದು, ಧೂಳು ಕುಡಿದು ಎದೆ ಕೆಡಬಹುದು. ಹಾಗಿದ್ದೂ ಇಲ್ಲೇ ಉಳಿದರಲ್ಲ, ಅದು ಯೋಜನೆ ಅಲ್ವಾ?

1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಕೂಲಿಯವರಿಗೆ ಮಾತ್ರ ತಟ್ಟಿ ಗುಡಿಸಲು. ಆದರೂ ಮಾರಿಕುಪ್ಪಂನಲ್ಲಿ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಕಟ್ಟಿದರು. 1930ರಲ್ಲಿ ಕಂಪನಿ ಬೆರಳಚ್ಚು ಕೇಳಿದಾಗ ಮುಷ್ಕರ ಹೂಡಿದರು. (ಇವತ್ತು ಬಯೋಮೆಟ್ರಿಕ್ ಹಾಜರಾತಿಗೆ ನಾವು ಯಾರೂ ತುಟಿ ಬಿಚ್ಚಲ್ಲ!)

1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯ್ತು, 1962ರಲ್ಲಿ ಕೇಂದ್ರದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಅದಿರಲ್ಲಿ ಚಿನ್ನ ಕಮ್ಮಿಯಾಗ್ತಾ ಬಂತು, ಆಳ ಮೂರು ಕಿಲೋಮೀಟರ್ ದಾಟಿತ್ತು, ಖರ್ಚು ಏರಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು.

ಈಗ ಹೇಳಿ, ಅಷ್ಟು ಆಳದಲ್ಲಿ ಬಂಡೆ ಬಡಿದು ಸದ್ದಿನಿಂದಲೇ ಅದರ ಗುಣ ಹೇಳೋ ಮನುಷ್ಯ ಯಾವ ಕಂಪನಿಗೆ ರೆಸ್ಯೂಮೆ ಹಾಕಬೇಕು? ಸ್ಕಿಲ್ ಇರಲಿಲ್ಲ ಅಂತೀರಾ? ಸ್ಕಿಲ್ ಇತ್ತು, ಕೊಳ್ಳೋರಿರಲಿಲ್ಲ. ಇನ್ನೊಂದು ಪೆಟ್ಟು: ಸರ್ಕಾರಿ ಕಂಪನಿಯಲ್ಲಿ ಮೀಸಲಾತಿ ಇತ್ತು. ಅದು ಮುಚ್ಚಿದ ಮೇಲೆ ಮಕ್ಕಳು ಹೋದದ್ದು ಬೆಂಗಳೂರಿನ ಖಾಸಗಿ ಕೆಲಸಗಳಿಗೆ. ಅಲ್ಲಿ ಮೀಸಲಾತಿ ಇಲ್ಲ. ಮಾರಿಕುಪ್ಪಂ ರೈಲಲ್ಲಿ ಬೆಳಗ್ಗೆ ಹೋಗಿ ರಾತ್ರಿ ಬರ್ತಾರೆ. ಅವರಿಗೆ "ನೀವೇ ಹೊಣೆ" ಅನ್ನೋಕೆ ಮುಂಚೆ ಗಣಿ ಮುಚ್ಚಿದ ನಿರ್ಧಾರದಲ್ಲಿ ಅವರ ಪಾಲೆಷ್ಟಿತ್ತು ಕೇಳಿ.

ಕಲೀಬೇಡಿ ಅಂತಿಲ್ಲ. ಕಂಪ್ಯೂಟರ್ ಕಲೀರಿ, ಇಂಗ್ಲಿಷ್ ಕಲೀರಿ, ಜೊತೆಗೆ ಯೂನಿಯನ್ ಸೇರಿ. ಮನೇಲಿ ಗಣಿ ಕೆಲಸ ಮಾಡಿದ ಅಜ್ಜ ಇದ್ದರೆ ಕೂತು ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ. ಅವರ ಪಿಎಫ್ ಚೀಟಿ, ಗುರುತಿನ ಚೀಟಿ ಯಾವುದನ್ನೂ ಎಸೀಬೇಡಿ.