ಸರಳ ಉಡುಪಿನ ಕಠಿಣ ಲೆಕ್ಕ

ಜೇನ್ ಆಸ್ಟೆನ್‌ಳ 'ಪ್ರೈಡ್ ಅಂಡ್ ಪ್ರಿಜುಡಿಸ್' (1813) ಕಾದಂಬರಿಯನ್ನು ರಂಗಕ್ಕೆ ತರುವವರಿಗೆ ಮೊದಲು ಎದುರಾಗುವುದು 'ಎಂಪೈರ್ ಲೈನ್' ಉಡುಪು. ಎದೆಯ ಕೆಳಗೇ ಸೊಂಟದ ಪಟ್ಟಿ, ಅಲ್ಲಿಂದ ಪಾದದವರೆಗೆ ನೇರವಾಗಿ ಇಳಿಯುವ ಲಂಗ. ನೋಡಲು ಇಷ್ಟೇ. ಆದರೆ ಇಂದಿನ ಗೌನಿನ ಸೊಂಟವನ್ನೇ ಮೇಲೇರಿಸಿ ಹೊಲಿದರೆ, ಪ್ರೇಕ್ಷಕರ ಕಣ್ಣಿಗೆ ಬೀಳುವುದು ಆ ಕಾಲದ ಹೆಣ್ಣಲ್ಲ. ನೈಟಿ ತೊಟ್ಟ ನಟಿ.

ಈ ಹೆಸರು ಬಂದದ್ದು 1804ರಲ್ಲಿ ಆರಂಭವಾದ ನೆಪೋಲಿಯನ್ನನ ಸಾಮ್ರಾಜ್ಯದಿಂದ. ಉಡುಪಿನ ಬೇರು ಅದಕ್ಕಿಂತ ಹಳೆಯದು. 1783ರಲ್ಲಿ ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ ಸಡಿಲವಾದ ಬಿಳಿ ಮಸ್ಲಿನ್ ತೊಟ್ಟಿದ್ದ ಚಿತ್ರ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡಾಗ, ಅದು ಒಳ ಉಡುಪಿನಂತಿದೆ ಎಂದು ಗುಲ್ಲೆದ್ದಿತು. ಚಿತ್ರವನ್ನೇ ತೆಗೆಯಬೇಕಾಯಿತು. 1793ರಲ್ಲಿ ಕ್ರಾಂತಿ ರಾಣಿಯ ತಲೆ ತೆಗೆಯಿತು. ಬಿಳಿ ಮಸ್ಲಿನ್ ಉಳಿಯಿತು. ಆ ದಶಕದಲ್ಲಿ ಗ್ರೀಕ್, ರೋಮನ್ ಶಿಲ್ಪಗಳ ಅನುಕರಣೆಯಲ್ಲಿ ಸೊಂಟ ಮೇಲೇರಿತು.

ಸಂಶೋಧನೆಗೆ ಚಿತ್ರಗಳಷ್ಟೇ ಸಾಲವು. ಅವು ತೋರಿಸುವುದು ಹೆಚ್ಚಾಗಿ ಮುಂಭಾಗವನ್ನು. ಉಡುಪಿನ ಗುಟ್ಟಿರುವುದು ಬೆನ್ನಿನಲ್ಲಿ. ಮ್ಯೂಸಿಯಂಗಳಲ್ಲಿ ಉಳಿದ ಹಳೆಯ ಉಡುಪುಗಳನ್ನು ಅಳೆದು ಜಾನೆಟ್ ಆರ್ನಲ್ಡ್ 1964ರಿಂದ ಪ್ರಕಟಿಸಿದ ನಕ್ಷೆಗಳೇ ಈಗಲೂ ಹೊಲಿಯುವವರಿಗೆ ಆಧಾರ. ಬೆನ್ನಿನ ತುಂಡು ತೀರ ಕಿರಿದು. ಭುಜದ ಹೊಲಿಗೆ ಹಿಂದಕ್ಕೆ ಜಾರಿರುತ್ತದೆ. ನಟಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತಾಳೆ. ಲಂಗದ ಮುಂಭಾಗ ಸಪಾಟು, ನೆರಿಗೆಯೆಲ್ಲ ಹಿಂದೆ. ಅಂದಿನ ಮಾದರಿಯ ಒಳಕವಚ ಮೊದಲು ತಯಾರಾಗಬೇಕು. ಅದನ್ನು ತೊಟ್ಟ ಮೇಲೆಯೇ ಅಳತೆ.

ಹೊಲಿಗೆ ಯಂತ್ರ ಇನ್ನೂ ಬಂದಿರದ ಕಾಲವದು. ರಂಗಭೂಮಿಯಲ್ಲಿ ಒಳ ಹೊಲಿಗೆಗೆ ಯಂತ್ರ, ಕಾಣುವ ಅಂಚಿಗೆ ಕೈ ಎಂಬ ರಾಜಿ ನಡೆಯುತ್ತದೆ. ಅಂದು ಲಾಡಿ, ಗುಂಡುಸೂಜಿಗಳು ಹಿಡಿದಿಡುತ್ತಿದ್ದ ಕಡೆ ಹುಕ್ಕು ಬರುತ್ತದೆ. ದೃಶ್ಯಗಳ ನಡುವೆ ಉಡುಪು ಬದಲಿಸಲು ಸಿಗುವುದು ಕೆಲವೇ ನಿಮಿಷ. ದೀಪದ ಬೆಳಕು ತೆಳು ಬಟ್ಟೆಯನ್ನು ಹಾಯುವುದರಿಂದ ಒಳಲಂಗವೂ ಅನಿವಾರ್ಯ.

ರಾಜಿಗೂ ಸಿಗದಿರುವುದು ಬಟ್ಟೆ. ಆಸ್ಟೆನ್‌ಳ 'ನಾರ್ಥ್ಯಾಂಗರ್ ಆಬೆ'ಯ ನಾಯಕ ತಂಗಿಗೆ ಅಸಲಿ ಭಾರತದ ಮಸ್ಲಿನ್ ಅಗ್ಗಕ್ಕೆ ತಂದೆನೆಂದು ಹೆಮ್ಮೆಪಡುತ್ತಾನೆ. ಬ್ರಿಟನ್ನಿನ ಗಿರಣಿಗಳೂ ಮಸ್ಲಿನ್ ನೇಯುತ್ತಿದ್ದವು. ಆದರೆ ಅತಿ ನಯವಾದದ್ದಕ್ಕೆ ಹೆಸರಾಗಿದ್ದುದು ಢಾಕಾ. ಮೇಘನಾ ನದಿಯ ದಂಡೆಯ 'ಫುಟಿ ಕಾರ್ಪಾಸ್' ಹತ್ತಿಯಿಂದ ಅದರ ನೂಲು ಬರುತ್ತಿತ್ತು. ಕಂಪನಿಯ ಹಿಡಿತ, ಇಂಗ್ಲೆಂಡಿನ ಗಿರಣಿ ಬಟ್ಟೆಗಳ ಹೊಡೆತಕ್ಕೆ 19ನೇ ಶತಮಾನದಲ್ಲಿ ಆ ನೇಯ್ಗೆ ನೆಲಕಚ್ಚಿತು; ಹತ್ತಿಯ ಬೆಳೆಯೂ ಹೋಯಿತು. ಈಚಿನ ವರ್ಷಗಳಲ್ಲಿ ಬಾಂಗ್ಲಾದೇಶ ಅದನ್ನು ಮರಳಿ ತರಲು ಯತ್ನಿಸುತ್ತಿದೆ.

ಹೀಗಾಗಿ ರಂಗದ ಮೇಲೆ ಇಂದು ಕಾಣುವುದು ಸಾಮಾನ್ಯವಾಗಿ ಮಲ್‌ಮಲ್ ಅಥವಾ ವಾಯ್ಲ್. ಇನ್ನೂರು ವರ್ಷ ಹಿಂದಿನ ಹೊಲಿಗೆಯನ್ನು ಅಳೆದು ತರಬಹುದು. ಆ ಬಟ್ಟೆ ನೇಯ್ದ ಕೈಗಳ ಪಳಗಿಕೆಯನ್ನು ಯಾವ ನಕ್ಷೆಯೂ ಹಿಡಿದಿಟ್ಟಿಲ್ಲ.